ಮೈಸೂರಿನಲ್ಲಿ ಮನೆ ಕೊಳ್ಳುವ ಮುನ್ನ: ಬಡಾವಣೆ, ನೀರು, ದಾರಿ ಕುರಿತು ಓದುಗರ ಪ್ರಶ್ನೆಗಳು

ಮನೆ ಮತ್ತು ನಿವೇಶನ ಕುರಿತ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಮೈಸೂರಿನ ಹೆಸರು ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತಿರುವುದರಿಂದ ಈ ಸಂಚಿಕೆಯನ್ನು ಪೂರ್ತಿಯಾಗಿ ಆ ಊರಿಗೇ ಮೀಸಲಿಟ್ಟಿದ್ದೇವೆ. ಪತ್ರ ಬರೆದವರ ಹೆಸರನ್ನು ಬಿಟ್ಟು ಊರನ್ನು ಮಾತ್ರ ಕೊಡಲಾಗಿದೆ.

ಪ್ರಶ್ನೆ: ನಾನೂ ನನ್ನ ಪತಿಯೂ ಬ್ಯಾಂಕ್ ನೌಕರಿಯಿಂದ ನಿವೃತ್ತರಾಗಿದ್ದೇವೆ. ಬೆಂಗಳೂರಿನ ಮನೆಯನ್ನು ಮಾರಿ ಮೈಸೂರಿನಲ್ಲಿ ನೆಲೆಸುವ ಯೋಚನೆಯಿದೆ. ಹೆಚ್ಚು ಕಡಿಮೆ ಒಂದೇ ಬೆಲೆಗೆ ಎರಡು ಮನೆಗಳು ಸಿಗುತ್ತಿವೆ. ಒಂದು, ಸರಸ್ವತಿಪುರಂನ ಹಳೆಯ ಕಟ್ಟಡವೊಂದರಲ್ಲಿ ಎರಡು ಕೋಣೆಯ ಫ್ಲ್ಯಾಟ್. ಇನ್ನೊಂದು, ವರ್ತುಲ ರಸ್ತೆಯಾಚೆಯ ಗೇಟೆಡ್ ಬಡಾವಣೆಯಲ್ಲಿ ಹೊಸ ಡ್ಯೂಪ್ಲೆಕ್ಸ್ ಮನೆ. ಅಲ್ಲಿ ಕ್ಲಬ್‌ಹೌಸ್, ಈಜುಕೊಳ, ಜಿಮ್, ಒಳಗೇ ಒಂದು ಗಣಪತಿ ಗುಡಿ ಎಲ್ಲವೂ ಇವೆ. ಮಕ್ಕಳು ಎರಡನೆಯದೇ ವಾಸಿ ಎನ್ನುತ್ತಿದ್ದಾರೆ. ತಮ್ಮ ಸಲಹೆ ಏನು?
— ಬೆಂಗಳೂರು

ಉತ್ತರ: ಸರಸ್ವತಿಪುರಂನ ಫ್ಲ್ಯಾಟನ್ನೇ ಕೊಳ್ಳಿ ಎಂದು ಹಿಂಜರಿಯದೆ ಹೇಳುತ್ತೇನೆ. ಆದರೆ ಕಟ್ಟಡದಲ್ಲಿ ಲಿಫ್ಟ್ ಇರಬೇಕು, ಇಲ್ಲವೇ ಫ್ಲ್ಯಾಟ್ ನೆಲಮಹಡಿಯಲ್ಲಿರಬೇಕು ಎಂಬ ಷರತ್ತಿನೊಂದಿಗೆ.

ಮನೆ ಕೊಳ್ಳುವವರನ್ನು ಸೆಳೆಯುವ ಸೌಲಭ್ಯಗಳಲ್ಲಿ ಊರಿಗೆ ಸೇರಿದವು ಬೇರೆ, ಬಡಾವಣೆಗೆ ಸೇರಿದವು ಬೇರೆ. ನಲ್ಲಿ ನೀರು, ಒಳಚರಂಡಿ, ಬೀದಿ ದೀಪ, ಬಸ್ಸು, ಕೆರೆ, ಮಾರುಕಟ್ಟೆ, ಆಸ್ಪತ್ರೆ ಇವು ಊರಿನವು. ಇವನ್ನು ನಡೆಸುವ ಹೊಣೆ ಪಾಲಿಕೆಯದೋ ಸರ್ಕಾರದ್ದೋ ಆಗಿರುತ್ತದೆ, ಕೆಟ್ಟರೆ ಕೇಳುವುದಕ್ಕೆ ಒಂದು ಕಚೇರಿಯಿರುತ್ತದೆ, ನಿಮ್ಮ ಜೊತೆ ಕೇಳುವುದಕ್ಕೆ ಇಡೀ ವಾರ್ಡಿನ ಜನರಿರುತ್ತಾರೆ. ಈಜುಕೊಳ, ಕ್ಲಬ್‌ಹೌಸ್‌ಗಳ ಕಥೆ ಹಾಗಲ್ಲ. ಅವನ್ನು ಕಟ್ಟುವವರು ಬಿಲ್ಡರ್, ನಡೆಸಬೇಕಾದವರು ನಿವಾಸಿಗಳು. ಹೊರವಲಯದ ಎಷ್ಟೋ ಬಡಾವಣೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಿವೇಶನಗಳು ಖಾಲಿ ಇರುತ್ತವೆ, ಅವುಗಳ ಮಾಲೀಕರು ಬೇರೆ ಊರಿನಲ್ಲೋ ಬೇರೆ ದೇಶದಲ್ಲೋ ಇರುತ್ತಾರೆ. ನೂರು ಮನೆಗಳ ಲೆಕ್ಕದಲ್ಲಿ ಕಟ್ಟಿದ ಈಜುಕೊಳದ ಖರ್ಚು ಅಲ್ಲಿ ನಿಜವಾಗಿ ವಾಸವಾಗಿರುವ ಕೆಲವೇ ಮನೆಗಳ ಮೇಲೆ ಬೀಳುತ್ತದೆ. ಕೆಲವು ವರ್ಷಗಳಲ್ಲಿ ಕೊಳದ ನೀರು ಬತ್ತಿಸಿ ಬೀಗ ಹಾಕಿದ ಬಡಾವಣೆಗಳನ್ನು ಕಣ್ಣಾರೆ ಕಂಡಿದ್ದೇನೆ. ನೀವು ಡ್ಯೂಪ್ಲೆಕ್ಸ್ ನೋಡಲು ಮತ್ತೊಮ್ಮೆ ಹೋದಾಗ ಮಾದರಿ ಮನೆಯನ್ನು ಬಿಟ್ಟು, ರಾತ್ರಿ ಎಂಟು ಗಂಟೆಗೆ ಎಷ್ಟು ಮನೆಗಳಲ್ಲಿ ದೀಪ ಉರಿಯುತ್ತಿದೆ ಎಂಬುದನ್ನು ಎಣಿಸಿ. ನಿರ್ವಹಣಾ ಶುಲ್ಕ ಮುಂದೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು ತಾನಾಗಿ ಗೊತ್ತಾಗುತ್ತದೆ.

ಮೈಸೂರಿನ ಹಳೆಯ ಬಡಾವಣೆಗಳಿಗೆ ಈ ವಿಷಯದಲ್ಲಿ ಒಂದು ಹಿನ್ನೆಲೆಯೇ ಇದೆ. 1890ರ ದಶಕದ ಕೊನೆಯಲ್ಲಿ ಬಂದ ಪ್ಲೇಗ್ ಇಕ್ಕಟ್ಟಾದ ಕೇರಿಗಳಲ್ಲಿ ಜನರನ್ನು ಬಲಿ ತೆಗೆದುಕೊಂಡ ಮೇಲೆ, 1903ರಲ್ಲಿ ಇಲ್ಲಿ ನಗರ ಸುಧಾರಣಾ ಟ್ರಸ್ಟ್ ಬೋರ್ಡ್ ಸ್ಥಾಪನೆಯಾಯಿತು. ಗಾಳಿ ಬೆಳಕಿಗೆ ಅಗಲವಾದ ರಸ್ತೆ, ಮನೆಗಳ ಹಿಂದೆ ನೈರ್ಮಲ್ಯದ ಕೆಲಸಕ್ಕೆಂದು ಬಿಟ್ಟ ಕನ್ಸರ್ವೆನ್ಸಿ ಓಣಿ, ನಡುನಡುವೆ ಉದ್ಯಾನ, ಇವನ್ನೆಲ್ಲ ಮೊದಲು ಗುರುತು ಹಾಕಿ, ಆಮೇಲೆ ನಿವೇಶನ ಹಂಚುವ ಪದ್ಧತಿ ಬೇರೂರಿದ್ದು ಆಗ. ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಒಂಟಿಕೊಪ್ಪಲು, ಮುಂದೆ ಕುವೆಂಪುನಗರ, ಇವೆಲ್ಲ ಆ ಪದ್ಧತಿಯ ನೆರಳಿನಲ್ಲಿ ಬೆಳೆದ ಬಡಾವಣೆಗಳು. ಇಂದು ಹೊರವಲಯದಲ್ಲಿ ಕ್ರಮ ತಿರುಗುಮುರುಗಾಗಿದೆ: ಮನೆ ಮೊದಲು ಬರುತ್ತದೆ, ನೀರು ಮತ್ತು ಚರಂಡಿಗಳು ಬಂದಾಗ ಬರುತ್ತವೆ.

ಇನ್ನು ನಿಮ್ಮ ದಿನಚರಿಯನ್ನೇ ಯೋಚಿಸಿ. ಸರಸ್ವತಿಪುರಂನ ಮಗ್ಗುಲಲ್ಲೇ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕುಕ್ಕರಹಳ್ಳಿ ಕೆರೆಯಿದೆ. ಬೆಳಗಿನ ಹೊತ್ತು ಆ ಏರಿಯ ಮೇಲೆ ನಡೆಯುವವರಲ್ಲಿ ನಿಮ್ಮ ವಯಸ್ಸಿನವರೇ ಹೆಚ್ಚು. ದಣಿದರೆ ಕೂರಲು ಬೆಂಚು, ನೋಡಲು ಹೆಜ್ಜಾರ್ಲೆಗಳ ಹಿಂಡು, ಮಾತಿಗೆ ಪರಿಚಿತ ಮುಖಗಳು. ಹಿಂದಿರುಗುವಾಗ ನಂದಿನಿ ಬೂತಿನಲ್ಲಿ ಹಾಲು, ತಿರುವಿನಲ್ಲಿ ಸೊಪ್ಪಿನ ಗಾಡಿ, ಎದುರಿಗೆ ಔಷಧದ ಅಂಗಡಿ. ನಿಮ್ಮ ಪತಿ ಕಾರು ಓಡಿಸುವುದನ್ನು ನಿಲ್ಲಿಸುವ ದಿನ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಆ ದಿನದಿಂದಾಚೆಗೆ ವರ್ತುಲ ರಸ್ತೆಯಾಚೆಯ ಮನೆಗೆ ಒಂದು ಬ್ರೆಡ್ಡು ತರುವುದೂ ಇನ್ನೊಬ್ಬರನ್ನು ಆಶ್ರಯಿಸುವ ಕೆಲಸವಾಗುತ್ತದೆ. ವಾಪಸು ಬರುವಾಗ ಬಾಡಿಗೆ ಸಿಗುವುದಿಲ್ಲವೆಂದು ಆಟೋದವರು ಅತ್ತ ಬರುವುದಕ್ಕೇ ಒಪ್ಪುವುದಿಲ್ಲ. ಡ್ಯೂಪ್ಲೆಕ್ಸ್ ಮನೆಯ ಮಲಗುವ ಕೋಣೆಗಳು ಮೇಲಿನ ಮಹಡಿಯಲ್ಲಿರುತ್ತವೆ ಎಂಬುದನ್ನೂ ಮಕ್ಕಳಿಗೆ ನೆನಪಿಸಿ. ಅವರು ರಜೆಗೆ ಬಂದಾಗ ಅನುಭವಿಸುವ ಸೌಲಭ್ಯ ಬೇರೆ, ನೀವು ದಿನವೂ ಬದುಕಬೇಕಾದ ಸೌಲಭ್ಯ ಬೇರೆ.

ಪ್ರಶ್ನೆ: ನಾನು ಬೆಂಗಳೂರಿನ ವೈಟ್‌ಫೀಲ್ಡ್‌ನ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದೇನೆ. ವಾರಕ್ಕೆ ಎರಡು ದಿನ ಮಾತ್ರ ಕಚೇರಿಗೆ ಹೋಗಬೇಕು. ಎಕ್ಸ್‌ಪ್ರೆಸ್‌ವೇಗೆ ಹತ್ತಿರವಾಗುವಂತೆ ಮೈಸೂರಿನಲ್ಲಿ ಮನೆ ಮಾಡಿದರೆ ಅನುಕೂಲವಲ್ಲವೇ? ಮಾರುವವರು ವಿಮಾನ ನಿಲ್ದಾಣದ ಮಾತನ್ನೂ ಆಡುತ್ತಾರೆ.
— ಬೆಂಗಳೂರು

ಉತ್ತರ: ಎಕ್ಸ್‌ಪ್ರೆಸ್‌ವೇಗಿಂತ ರೈಲು ನಿಲ್ದಾಣಕ್ಕೆ ಹತ್ತಿರವಾಗಿರಿ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ 118 ಕಿಲೋಮೀಟರ್ ಉದ್ದದ ಆ ಹೆದ್ದಾರಿ ಮೈಸೂರಿನ ಮನೆ ಬೆಲೆಗಳಿಗೆ ಹೊಸ ಕಳೆ ಕೊಟ್ಟಿರುವುದು ನಿಜ. ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ಬೈಪಾಸ್‌ಗಳಲ್ಲೇ ದಾಟಿ ಹೋಗಬಹುದಾದ್ದರಿಂದ ನಡುವಿನ ಪ್ರಯಾಣ ಹಗುರಾಗಿದೆ. ಆದರೆ ಆ ವೇಗ ಕೆಂಗೇರಿಯ ಬಳಿ ಮುಗಿಯುತ್ತದೆ. ನಿಮ್ಮ ಕಚೇರಿ ಇರುವುದು ಬೆಂಗಳೂರಿನ ಇನ್ನೊಂದು ತುದಿಯಲ್ಲಿ. ಹೋಗಿಬರುವ ಟೋಲ್ ಮತ್ತು ಪೆಟ್ರೋಲಿನ ಲೆಕ್ಕ ಬೇರೆ. 2023ರ ಆಗಸ್ಟ್ 1ರಿಂದ ಮುಖ್ಯ ಪಥಗಳಲ್ಲಿ ಬೈಕು, ಆಟೋಗಳಿಗೆ ಪ್ರವೇಶವಿಲ್ಲವಾದ್ದರಿಂದ ಕಾರಿಲ್ಲದ ದಿನ ಆ ದಾರಿಯೂ ನಿಮಗಿಲ್ಲ.

ರೈಲಿನಲ್ಲಾದರೆ ಜೋಡಿ ಮಾರ್ಗವೂ ವಿದ್ಯುದೀಕರಣವೂ ಆಗಿದೆ, ಅನೇಕ ರೈಲುಗಳು ಕೆಂಗೇರಿಯಲ್ಲಿ ನಿಲ್ಲುತ್ತವೆ, ಅಲ್ಲಿಂದ ನೇರಳೆ ಮಾರ್ಗದ ಮೆಟ್ರೋ ರೈಲು ಬದಲಿಸದೆ ವೈಟ್‌ಫೀಲ್ಡ್‌ವರೆಗೆ ಕರೆದೊಯ್ಯುತ್ತದೆ. ಮೈಸೂರು ಜಂಕ್ಷನ್‌ಗೆ ಬೆಳಗಿನ ಜಾವ ಹತ್ತು ನಿಮಿಷದಲ್ಲಿ ತಲುಪಬಹುದಾದ ಒಂಟಿಕೊಪ್ಪಲು, ಯಾದವಗಿರಿ, ಜಯಲಕ್ಷ್ಮೀಪುರಂ ಕಡೆ ಮನೆ ಹುಡುಕಿ. ಮಂಡಕಳ್ಳಿಯ ವಿಮಾನ ನಿಲ್ದಾಣಕ್ಕೆ ರನ್‌ವೇ ಚಿಕ್ಕದು, ವಿಮಾನಗಳು ಬೆರಳೆಣಿಕೆಯಷ್ಟು. ಆ ಹೆಸರಿನಲ್ಲಿ ಚದರಡಿಗೆ ಒಂದು ರೂಪಾಯಿಯನ್ನೂ ಹೆಚ್ಚಾಗಿ ಕೊಡಬೇಡಿ.

ಪ್ರಶ್ನೆ: ಬೋಗಾದಿ ರಸ್ತೆಯಾಚೆಯ ಖಾಸಗಿ ಬಡಾವಣೆಯೊಂದರಲ್ಲಿ 30×40 ಅಳತೆಯ ನಿವೇಶನ ನೋಡಿದ್ದೇವೆ. ಅಭಿವೃದ್ಧಿ ಪ್ರಾಧಿಕಾರದ ಅನುಮೋದನೆಯಿದೆ, ಇ-ಖಾತೆಯೂ ಆಗಿದೆ. ‘ಕಾವೇರಿ ನೀರು ಸದ್ಯದಲ್ಲೇ ಬರುತ್ತದೆ, ಅಲ್ಲಿಯವರೆಗೆ ಬೋರ್‌ವೆಲ್ ಇದೆ’ ಎಂದು ಹೇಳುತ್ತಾರೆ. ಮುಂದುವರಿಯಬಹುದೇ?
— ಹಾಸನ

ಉತ್ತರ: ‘ಸದ್ಯದಲ್ಲೇ’ ಎಂಬ ಮಾತಿಗೆ ಮುಂಗಡ ಕೊಡಬೇಡಿ. ಇ-ಖಾತೆ ಇಲ್ಲದೆ ಈಗ ನೋಂದಣಿ ನಡೆಯುವುದಿಲ್ಲವಾದ್ದರಿಂದ ಅದು ಬೇಕೇ ಬೇಕು. ಆದರೆ ಖಾತೆ ಹೇಳುವುದು ಸ್ವತ್ತಿನ ವಿಚಾರವನ್ನು, ನಲ್ಲಿಯ ವಿಚಾರವನ್ನಲ್ಲ.

ಮೈಸೂರು ನಗರದ ನೀರು ಬರುವುದು ಎರಡು ನದಿಗಳಿಂದ. ಹೊಂಗಳ್ಳಿ, ಬೆಳಗೊಳ, ಮೇಳಾಪುರದ ಕಡೆಯ ಸ್ಥಾವರಗಳಿಂದ ಕಾವೇರಿ, ಬಿದರಗೂಡಿನಿಂದ ಕಬಿನಿ. ಊರೊಳಗೆ ಹಂಚುವುದು ಪಾಲಿಕೆಯ ವಾಣಿವಿಲಾಸ ನೀರು ಸರಬರಾಜು ವಿಭಾಗ. ಸುಮಾರು 42 ಕಿಲೋಮೀಟರ್ ಉದ್ದದ ವರ್ತುಲ ರಸ್ತೆಯೊಳಗಿನ ಬಹುಪಾಲು ಬಡಾವಣೆಗಳು ಈ ಜಾಲಕ್ಕೆ ಸೇರಿವೆ. ಅದರಾಚೆಗೆ ಆಡಳಿತವೇ ಹಂಚಿಹೋಗಿದೆ. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಇವು 2020ರಲ್ಲಿ ಪಟ್ಟಣ ಪಂಚಾಯಿತಿಗಳಾದವು, ಹೂಟಗಳ್ಳಿ ನಗರಸಭೆಯಾಯಿತು. ಇನ್ನೂ ಆಚೆ ಹೋದರೆ ಗ್ರಾಮ ಪಂಚಾಯಿತಿಗಳು. ಒಂದೇ ರಸ್ತೆಯ ಎಡಬದಿಗೆ ನದಿ ನೀರು ಬಂದು ಬಲಬದಿಯವರು ಟ್ಯಾಂಕರ್‌ಗೆ ಫೋನ್ ಮಾಡುವ ಸ್ಥಿತಿ ಇರುವುದು ಇದೇ ಕಾರಣದಿಂದ. ಕೃಷ್ಣರಾಜಸಾಗರದ ಹಿನ್ನೀರಿನಿಂದ ನೀರೆತ್ತುವ ಹಳೇ ಉಂಡುವಾಡಿ ಯೋಜನೆಯ ಮೇಲೆ ಹೊರವಲಯದವರೆಲ್ಲ ಆಸೆ ಇಟ್ಟುಕೊಂಡಿದ್ದಾರೆ. ಆ ಆಸೆ ನ್ಯಾಯವಾದದ್ದೇ. ಆದರೆ ಮೂಲ ಯೋಜನೆ ಮುಗಿಯುವುದಕ್ಕೂ, ಅದರ ಕೊಳವೆ ನಿಮ್ಮ ಅಡ್ಡರಸ್ತೆಗೆ ಬರುವುದಕ್ಕೂ ನಡುವೆ ಮೇಲ್ಮಟ್ಟದ ತೊಟ್ಟಿ, ವಿತರಣಾ ಕೊಳವೆ, ಸಂಪರ್ಕ ಶುಲ್ಕ, ಅನುಮತಿ ಎಂದು ಅನೇಕ ಹಂತಗಳಿವೆ.

ಆದ್ದರಿಂದ ಬಡಾವಣೆಯಲ್ಲಿ ಈಗಾಗಲೇ ಜನ ವಾಸವಾಗಿರುವ ಒಂದೆರಡು ಮನೆಗಳಿಗೆ ಹೋಗಿ. ಕಾಂಪೌಂಡಿನ ಪಕ್ಕದಲ್ಲಿ ನೀರಿನ ಮೀಟರ್ ಇದೆಯೇ ನೋಡಿ; ಇದ್ದರೆ ಇತ್ತೀಚಿನ ಬಿಲ್ಲನ್ನು ತೋರಿಸುವಂತೆ ವಿನಯದಿಂದ ಕೇಳಿ, ಅದು ಯಾವ ಸಂಸ್ಥೆಯ ಹೆಸರಿನಲ್ಲಿದೆ ಎಂದು ಓದಿ. ಎಷ್ಟು ದಿನಕ್ಕೊಮ್ಮೆ ನೀರು ಬಿಡುತ್ತಾರೆ, ಏಪ್ರಿಲ್ ತಿಂಗಳಲ್ಲಿ ಎಷ್ಟು ಟ್ಯಾಂಕರ್ ತರಿಸಿದಿರಿ ಎಂದು ಕೇಳಿ. ಮನೆಯ ಗೃಹಿಣಿಯರು ಈ ಪ್ರಶ್ನೆಗೆ ಕೊಡುವಷ್ಟು ಖಚಿತವಾದ ಉತ್ತರವನ್ನು ಯಾವ ಮಾರಾಟ ಪ್ರತಿನಿಧಿಯೂ ಕೊಡಲಾರ. ಅವರ ಸಂಪು ಎಷ್ಟು ಲೀಟರಿನದು ಎಂಬುದೂ ಒಂದು ಸುಳಿವೇ. ನಾಲ್ಕು ಜನರ ಮನೆಗೆ ಭಾರಿ ಸಂಪು ತೋಡಿಸಿದ್ದಾರೆಂದರೆ ಅದಕ್ಕೆ ಕಾರಣವಿರುತ್ತದೆ.

ಒಳಚರಂಡಿಯ ಪರೀಕ್ಷೆಯನ್ನು ಜನ ಮರೆಯುತ್ತಾರೆ, ನನಗೆ ಅದು ನೀರಿನಷ್ಟೇ ಮುಖ್ಯ. ರಸ್ತೆಯ ನಡುವೆ ಮ್ಯಾನ್‌ಹೋಲ್ ಮುಚ್ಚಳಗಳು ಸಾಲಾಗಿ ಕಂಡ ಮಾತ್ರಕ್ಕೆ ಸಮಾಧಾನಪಡಬೇಡಿ. ಆ ಸಾಲನ್ನೇ ಹಿಡಿದು ಬಡಾವಣೆಯ ತಗ್ಗಿನ ತುದಿಯವರೆಗೆ ನಡೆಯಿರಿ. ಕೊನೆಯ ಮುಚ್ಚಳದಿಂದ ಕೊಳವೆ ಎಲ್ಲಿಗೆ ಹೋಗುತ್ತದೆ? ನಗರದ ಮುಖ್ಯ ಕೊಳವೆಗೆ ಸೇರಿ ರಾಯನಕೆರೆ, ಕೆಸರೆ ಅಥವಾ ವಿದ್ಯಾರಣ್ಯಪುರಂನ ಶುದ್ಧೀಕರಣ ಘಟಕಕ್ಕೆ ಹೋದರೆ ಸರಿ. ಬಡಾವಣೆಯೇ ಸ್ವಂತ ಘಟಕ ಕಟ್ಟಿಕೊಂಡಿದ್ದರೆ ಅದು ಓಡುತ್ತಿದೆಯೇ, ಕರೆಂಟ್ ಬಿಲ್ಲು ಯಾರು ಕಟ್ಟುತ್ತಾರೆ ಎಂದು ತಿಳಿಯಿರಿ. ಎರಡೂ ಅಲ್ಲದೆ ಕೊಳವೆ ಹಳ್ಳಕ್ಕೋ ಮಳೆನೀರಿನ ಕಾಲುವೆಗೋ ಬಾಯಿ ತೆರೆದಿದ್ದರೆ, ಕೆಳಗಿನ ಯಾವುದೋ ಕೆರೆ ಅದರ ಬೆಲೆ ತೆರುತ್ತಿದೆ ಎಂದರ್ಥ. ನಾಳೆ ಆ ಕೆರೆಯನ್ನು ತೋರಿಸಿಯೇ ಇನ್ನೊಬ್ಬರಿಗೆ ‘ಲೇಕ್ ವ್ಯೂ’ ನಿವೇಶನ ಮಾರುತ್ತಾರೆ ಎಂಬುದು ನನ್ನನ್ನು ನಿಜಕ್ಕೂ ನೋಯಿಸುವ ಸಂಗತಿ.

ಕೊನೆಯದಾಗಿ, ಬಡಾವಣೆಯನ್ನು ಸ್ಥಳೀಯ ಸಂಸ್ಥೆಗೆ ಹಸ್ತಾಂತರ ಮಾಡಲಾಗಿದೆಯೇ ಎಂಬುದಕ್ಕೆ ಪತ್ರ ಕೇಳಿ. ಅನುಮೋದನೆ ಬೇರೆ, ಹಸ್ತಾಂತರ ಬೇರೆ. ಹಸ್ತಾಂತರವಾಗದ ಬಡಾವಣೆಯಲ್ಲಿ ಬೀದಿ ದೀಪ ಕೆಟ್ಟರೆ ಬಿಲ್ಡರ್ ‘ಪಂಚಾಯಿತಿಯನ್ನು ಕೇಳಿ’ ಎನ್ನುತ್ತಾನೆ, ಪಂಚಾಯಿತಿಯವರು ‘ನಮಗೆ ಇನ್ನೂ ವಹಿಸಿಕೊಟ್ಟಿಲ್ಲ’ ಎನ್ನುತ್ತಾರೆ. ದೀಪ ಮಾತ್ರ ಹೊತ್ತುವುದಿಲ್ಲ. ಈ ಪತ್ರ ಸಿಗದಿದ್ದರೆ ನಾನಾಗಿದ್ದರೆ ಆ ನಿವೇಶನವನ್ನು ಬಿಟ್ಟುಬಿಡುತ್ತಿದ್ದೆ.

ಪ್ರಶ್ನೆ: ವಿದ್ಯಾರಣ್ಯಪುರಂ ಕಡೆ ಒಂದು ಮನೆ ಸುತ್ತಲಿನ ದರಕ್ಕಿಂತ ಕಡಿಮೆಗೆ ಬಂದಿದೆ. ಪೇಟೆ ಹತ್ತಿರ, ಬಸ್ಸಿಗೆ ತೊಂದರೆಯಿಲ್ಲ, ನೀರೂ ಚೆನ್ನಾಗಿದೆ. ಬೆಲೆ ಏಕೆ ಕಡಿಮೆ?
— ನಂಜನಗೂಡು

ಉತ್ತರ: ಆ ಭಾಗದಲ್ಲಿ ನಗರದ ಕಸವನ್ನು ರಾಶಿ ಹಾಕಿ ವಿಲೇವಾರಿ ಮಾಡುವ ಸೂಯೇಜ್ ಫಾರಂ ಇದೆ. ಗಾಳಿ ಬೀಸುವ ದಿಕ್ಕನ್ನು ಅನುಸರಿಸಿ ಕೆಲವು ಬೀದಿಗಳಿಗೆ ವಾಸನೆ ಬರುತ್ತದೆ, ಕೆಲವಕ್ಕೆ ಬರುವುದೇ ಇಲ್ಲ. ಮನೆಯನ್ನು ಮಳೆ ಬಂದ ಮರುದಿನ ಸಂಜೆ ಹೋಗಿ ನೋಡಿ. ನೆರೆಯವರು ಕಿಟಕಿ ತೆರೆದಿಟ್ಟುಕೊಂಡಿದ್ದರೆ ಕೊಳ್ಳಲು ಅಡ್ಡಿಯಿಲ್ಲ.

ಪ್ರಶ್ನೆ: ಮೂರು ವರ್ಷದ ಹಿಂದೆ ನಿವೇಶನ ಕೊಳ್ಳುವಾಗ ಕೊಟ್ಟ ಕರಪತ್ರದಲ್ಲಿ ನಮ್ಮ ಎದುರಿಗೆ ಮಕ್ಕಳ ಉದ್ಯಾನ, ಮೂಲೆಯಲ್ಲಿ ಶಾಲೆ ಎಂದು ಬಣ್ಣ ಹಾಕಿ ತೋರಿಸಿದ್ದರು. ಈಗ ಉದ್ಯಾನದ ಜಾಗದಲ್ಲಿ ಮತ್ತೆ ನಿವೇಶನ ಗುರುತು ಮಾಡುತ್ತಿದ್ದಾರೆ, ಶಾಲೆಯ ಸುದ್ದಿಯೇ ಇಲ್ಲ. ಏನು ಮಾಡಬಹುದು?
— ಮೈಸೂರು

ಉತ್ತರ: ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ಉದ್ಯಾನವನ್ನು ಅನುಮೋದಿತ ನಕ್ಷೆಯಲ್ಲಿಯೇ ಗುರುತಿಸಿದ್ದರೆ ಅದನ್ನು ನಿವೇಶನವಾಗಿ ಮಾರುವ ಹಕ್ಕು ಯಾರಿಗೂ ಇಲ್ಲ. ಪ್ರಾಧಿಕಾರದಿಂದ ನಕ್ಷೆಯ ದೃಢೀಕೃತ ಪ್ರತಿಯನ್ನು ಪಡೆಯಿರಿ, ಸಿಗದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಬಣ್ಣದ ಕರಪತ್ರವನ್ನು ಮಾತ್ರ ಯಾವ ಕಾರಣಕ್ಕೂ ಎಸೆಯಬೇಡಿ.

500 ಚದರ ಮೀಟರ್‌ಗಿಂತ ಹೆಚ್ಚಿನ ಜಾಗದ ಅಥವಾ ಎಂಟಕ್ಕಿಂತ ಹೆಚ್ಚು ಘಟಕಗಳ ಯೋಜನೆ ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ಕಾಯ್ದೆಯಡಿ ರಚನೆಯಾದ ನಿಯಂತ್ರಣ ಪ್ರಾಧಿಕಾರದಲ್ಲಿ, ನೋಂದಣಿಯಾಗಬೇಕು, ಖಾಸಗಿ ಬಡಾವಣೆಗಳಿಗೂ ಇದು ಅನ್ವಯಿಸುತ್ತದೆ. 2016ರ ಆ ಕಾಯ್ದೆಯ 12ನೇ ಕಲಮಿನ ಪ್ರಕಾರ, ಜಾಹೀರಾತು ಅಥವಾ ಕರಪತ್ರದ ಸುಳ್ಳು ಮಾತನ್ನು ನಂಬಿ ಹಣ ಕೊಟ್ಟು ನಷ್ಟ ಹೊಂದಿದವರು ಪರಿಹಾರ ಕೇಳಬಹುದು. 14ನೇ ಕಲಮಿನ ಪ್ರಕಾರ, ಕೊಂಡವರಲ್ಲಿ ಮೂರನೇ ಎರಡರಷ್ಟು ಜನರ ಲಿಖಿತ ಒಪ್ಪಿಗೆಯಿಲ್ಲದೆ ಮಂಜೂರಾದ ಬಡಾವಣೆ ನಕ್ಷೆಯನ್ನು ಬದಲಿಸುವಂತಿಲ್ಲ. ಹೊಸದಾಗಿ ಕೊಳ್ಳುವವರು ಇನ್ನೊಂದು ಅಂಶವನ್ನು ಗಮನಿಸಬೇಕು: ನೀರು, ನೈರ್ಮಲ್ಯ, ವಿದ್ಯುತ್ ಯಾವ ಹಂತದಲ್ಲಿ ಯಾವಾಗ ಪೂರ್ಣವಾಗುತ್ತದೆ ಎಂಬ ವೇಳಾಪಟ್ಟಿಯನ್ನು ಬುಕಿಂಗ್ ಸಮಯದಲ್ಲೇ ಕೊಡುವುದು 11ನೇ ಕಲಮಿನ ಪ್ರಕಾರ ಬಿಲ್ಡರ್‌ನ ಕರ್ತವ್ಯ. ಅದನ್ನು ಬರಹದಲ್ಲಿ ಕೇಳಿ ಪಡೆಯುವವರು ಬಹಳ ಕಡಿಮೆ.

ಶಾಲೆಯ ವಿಷಯ ಕಷ್ಟ. ನಕ್ಷೆಯಲ್ಲಿ ಅದು ನಾಗರಿಕ ಸೌಲಭ್ಯ ನಿವೇಶನ, ಅಂದರೆ ಸಿಎ ಸೈಟ್, ಎಂದು ಮಾತ್ರ ಇರುವ ಸಾಧ್ಯತೆ ಹೆಚ್ಚು. ಅಂಥ ಜಾಗವನ್ನು ಯಾವ ಸಂಸ್ಥೆಗೆ ಯಾವ ಉದ್ದೇಶಕ್ಕೆ ಕೊಡಬೇಕೆಂಬುದು ಮುಂದೆ ತೀರ್ಮಾನವಾಗುತ್ತದೆ. ಶಾಲೆಯ ಬದಲು ಸಮುದಾಯ ಭವನ ಬರಬಹುದು. ನೀವೆಲ್ಲ ನಿವಾಸಿಗಳ ಸಂಘ ನೋಂದಾಯಿಸಿ, ಇಲ್ಲಿ ಶಾಲೆ ಬೇಕೆಂದು ಈಗಲೇ ಅರ್ಜಿ ಕೊಡಿ. ಒಬ್ಬೊಬ್ಬರೇ ಕಚೇರಿಗೆ ಅಲೆದರೆ ಚಪ್ಪಲಿ ಸವೆಯುವುದಷ್ಟೇ ಲಾಭ.

ಪ್ರಶ್ನೆ: ನಾನು ದುಬೈನಲ್ಲಿದ್ದೇನೆ. ಪಿರಿಯಾಪಟ್ಟಣದಲ್ಲಿರುವ ತಂದೆತಾಯಿಗೆ ಮೈಸೂರಿನಲ್ಲಿ ಮನೆ ಮಾಡಿಕೊಡಬೇಕು. ತಂದೆಗೆ ಹೃದಯದ ತೊಂದರೆ, ತಾಯಿಗೆ ಸಕ್ಕರೆ ಕಾಯಿಲೆ. ಯಾವ ಬಡಾವಣೆ ಸೂಕ್ತ? ಏಜೆಂಟರೊಬ್ಬರು ಹುಣಸೂರು ರಸ್ತೆಯಲ್ಲಿ ತೋಟದ ನಡುವಿನ ಫಾರ್ಮ್ ಪ್ಲಾಟ್ ತೋರಿಸುತ್ತಿದ್ದಾರೆ.
— ದುಬೈ

ಉತ್ತರ: ಫಾರ್ಮ್ ಪ್ಲಾಟನ್ನು ಮೊದಲು ಪಟ್ಟಿಯಿಂದ ತೆಗೆದುಹಾಕಿ. 2020ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಎಂಬುದನ್ನು ಮುಂದಿಟ್ಟುಕೊಂಡು ಏಜೆಂಟರು ಇಂಥ ಪ್ಲಾಟ್‌ಗಳನ್ನು ತೋರಿಸುತ್ತಾರೆ. ಆದರೆ ವಿದೇಶಿ ವಿನಿಮಯ ನಿಯಮಗಳ ಪ್ರಕಾರ ಅನಿವಾಸಿ ಭಾರತೀಯರು ವಾಸದ ಮನೆ, ವಾಣಿಜ್ಯ ಕಟ್ಟಡಗಳನ್ನು ಕೊಳ್ಳಬಹುದೇ ಹೊರತು ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್‌ಗಳನ್ನಲ್ಲ. ಅದಿರಲಿ, ಹೃದಯದ ತೊಂದರೆಯಿರುವವರನ್ನು ತೋಟದ ನಡುವೆ ಇಬ್ಬರನ್ನೇ ಬಿಡುವುದು ನನಗೆ ಒಪ್ಪಿಗೆಯಾಗದ ಮಾತು.

ಮೈಸೂರಿನ ದೊಡ್ಡ ಅನುಕೂಲವೇ ಆಸ್ಪತ್ರೆಗಳು. ಜಯದೇವ ಹೃದ್ರೋಗ ಸಂಸ್ಥೆಯ ಶಾಖೆ ಕೆಆರ್‌ಎಸ್ ರಸ್ತೆಯಲ್ಲಿದೆ; ಕೆ.ಆರ್. ಆಸ್ಪತ್ರೆ ನಗರದ ನಡುವೆ, ಜೆಎಸ್‌ಎಸ್ ಆಸ್ಪತ್ರೆ ಎಂ.ಜಿ. ರಸ್ತೆಯಲ್ಲಿ, ಖಾಸಗಿ ಆಸ್ಪತ್ರೆಗಳು ಕುವೆಂಪುನಗರದ ಕಡೆಗೂ ಇವೆ. ಜಯದೇವಕ್ಕೆ ಹತ್ತಿರವೆಂಬ ದೃಷ್ಟಿಯಿಂದ ಗೋಕುಲಂ, ಒಂಟಿಕೊಪ್ಪಲು, ವಿಜಯನಗರ ಮೊದಲನೇ ಹಂತ ಇವು ಒಳ್ಳೆಯ ಆಯ್ಕೆಗಳು. ಗೋಕುಲಂನಲ್ಲಿ ಯೋಗ ಕಲಿಯಲು ಬರುವ ವಿದೇಶಿಯರಿಂದಾಗಿ ಬಾಡಿಗೆಯೂ ಬೆಲೆಯೂ ಏರಿವೆ, ನಿಮ್ಮ ತಂದೆತಾಯಿಗೆ ಅದರಿಂದ ಉಪಯೋಗವಿಲ್ಲ. ಒಂಟಿಕೊಪ್ಪಲಿನ ಒಳರಸ್ತೆಗಳನ್ನು ಮೊದಲು ನೋಡಿ.

ಆದರೆ ದೊಡ್ಡ ಆಸ್ಪತ್ರೆಗೆ ಹೋಗುವ ಸಂದರ್ಭ ಬರುವುದು ಅಪರೂಪಕ್ಕೆ. ತಿಂಗಳಿಗೊಮ್ಮೆ ಸಕ್ಕರೆ ಪರೀಕ್ಷೆ ಮಾಡಿಸುವ ಲ್ಯಾಬು, ಹೆಸರು ಹಿಡಿದು ಕರೆಯುವಷ್ಟು ಪರಿಚಯವಾಗುವ ಬೀದಿಯ ವೈದ್ಯರು, ರಾತ್ರಿ ಹತ್ತರವರೆಗೆ ತೆರೆದಿರುವ ಔಷಧದ ಅಂಗಡಿ, ಇವು ಪ್ರತಿ ವಾರ ಬೇಕಾಗುವಂಥವು. ಪಿರಿಯಾಪಟ್ಟಣದಿಂದ ನೆಂಟರು ಬಂದುಹೋಗಲು ಹುಣಸೂರು ರಸ್ತೆಯ ಬಸ್ಸು ಇಳಿಯುವ ಜಾಗವೂ ಹತ್ತಿರವಿದ್ದರೆ ಅವರಿಗೆ ಊರು ಬಿಟ್ಟೆವೆಂಬ ಕೊರಗು ಕಡಿಮೆಯಾಗುತ್ತದೆ.

ನೀವು ದೂರದಲ್ಲಿರುವುದರಿಂದ ಕೊಳ್ಳಲು ಅವಸರ ಬೇಡ. ಮೊದಲು ಅದೇ ಬೀದಿಗಳಲ್ಲಿ ಒಂದು ಮನೆಯನ್ನು ಬಾಡಿಗೆಗೋ ಭೋಗ್ಯಕ್ಕೋ ಹಿಡಿಯಿರಿ. ಆ ಅವಧಿಯಲ್ಲಿ ಒಂದು ಬೇಸಿಗೆಯೂ ಒಂದು ಮಳೆಗಾಲವೂ ಸೇರಿರಲಿ. ಬೀದಿ ಒಗ್ಗಿತೇ ಇಲ್ಲವೇ ಎಂಬುದನ್ನು ನಿಮ್ಮ ತಂದೆತಾಯಿಯೇ ಹೇಳಲಿ. ನೋಂದಣಿಯ ಮಾತು ಅದಾದ ಮೇಲೆ.